ಐದು ಸೀರೆ, ಎರಡು ಕೋಲು: ಲೋಯಿ ಫುಲ್ಲರ್ ಲಂಗ ಹೊಲಿದ ಕಥೆ, ಇಲ್ಲಿವರೆಗೆ

ಮೊದಲ ವಾರ

ಶುರುವಾಗಿದ್ದು ಒಂದು ಹಳೇ ವಿಡಿಯೋದಿಂದ. ಒಂದು ನಿಮಿಷವೂ ಇಲ್ಲ. ಬಿಳಿ ಬಟ್ಟೆ ಹೊದ್ದ ಹೆಂಗಸು ಕೈ ಬೀಸುತ್ತಾಳೆ. ಬಟ್ಟೆ ಒಂದು ಸಲ ಚಿಟ್ಟೆ, ಇನ್ನೊಂದು ಸಲ ದಾಸವಾಳ. ಕೆಳಗೆ 'ಲೋಯಿ ಫುಲ್ಲರ್, 1896' ಅಂತ ಬರೆದಿತ್ತು. ಹತ್ತು ಸಲ ನೋಡಿದೆ. ಮಾರನೇ ದಿನ ಹುಡುಕಿದಾಗ ಗೊತ್ತಾಯ್ತು, ಲೋಯಿ ಅಂದರೆ ಈ ಲಂಗದ ಕುಣಿತಕ್ಕೆ ಹೆಸರಾದ ಅಮೆರಿಕದ ನರ್ತಕಿ, ಆದರೆ ಅದರಲ್ಲಿರುವುದು ಲೋಯಿ ಅಲ್ಲವೇ ಅಲ್ಲ. ಲೂಮಿಯೇರ್ ಕಂಪನಿಯವರು ಬೇರೆ ಯಾರನ್ನೋ ಕುಣಿಸಿ ತೆಗೆದದ್ದು. ಎಡಿಸನ್ ಕಂಪನಿಯ ಫಿಲ್ಮುಗಳಲ್ಲಿ ಕುಣಿಯುವವಳು ಆನಬೆಲ್ ಮೂರ್. ಅಸಲಿ ಕಾಣಿಸುತ್ತಿಲ್ಲ, ನಕಲುಗಳು ಮಾತ್ರ ಕುಣಿಯುತ್ತಲೇ ಇವೆ.

ನನಗೆ ಕುಣಿತ ಬರಲ್ಲ. ಬ್ಲೌಸು, ಮಕ್ಕಳ ಫ್ರಾಕು ಹೊಲಿಯೋದು ಬರುತ್ತೆ. ಹಾಗಾಗಿ ಮೊದಲು ತಲೆಗೆ ಬಂದಿದ್ದು, ಆ ಲಂಗಕ್ಕೆ ಎಷ್ಟು ಕಳಿ, ಅಂದರೆ ಮೇಲೆ ಕಿರಿದು ಕೆಳಗೆ ಅಗಲದ ಪಟ್ಟಿ, ಇರಬಹುದು ಅಂತ. ಕುಣಿಯೋಕೆ ತಂಗಿ ಇದ್ದಾಳೆ, ಆರು ವರ್ಷ ಭರತನಾಟ್ಯ ಕಲಿತವಳು. ಅವಳಿಗೆ ಲೋಯಿ ಹೆಸರು ಮೊದಲೇ ಗೊತ್ತಿತ್ತು. 2018ರ ಟೂರ್‌ನಲ್ಲಿ ಟೇಲರ್ ಸ್ವಿಫ್ಟ್ ಒಂದು ಹಾಡಿನ ಕುಣಿತವನ್ನು ಆಕೆಗೆ ಅರ್ಪಿಸಿದ್ದಳಂತೆ. "ಯಾವ ಟೇಲರ್?" ಅಂದೆ. ಒಂದು ದಿನ ಪೂರ್ತಿ ನಗಾಡಿದಳು.

ಎರಡನೇ ವಾರ

ದಾರಿ ತೋರಿಸಿದ್ದು ಪೇಟೆಂಟು. ಹೌದು, ಈಕೆ ಲಂಗಕ್ಕೆ ಪೇಟೆಂಟ್ ತೆಗೆದುಕೊಂಡಿದ್ದಳು! ಅಮೆರಿಕದ ಪೇಟೆಂಟ್ ನಂಬರ್ 518,347, ಏಪ್ರಿಲ್ 17, 1894. ಕುಣಿಯುವವರ ಉಡುಪು ಅಂತ ಹೆಸರು. ಚಿತ್ರದಲ್ಲಿ ತಲೆಗೊಂದು ಕಿರೀಟದಂಥ ಬಳೆ, ಅದರಿಂದ ಇಳಿಬಿದ್ದ ಲಂಗ, ಬಟ್ಟೆಯೊಳಗೆ ಎರಡು ಕೋಲು. ಕೋಲು ಬಿದಿರಿನದೋ ಅಲ್ಯೂಮಿನಿಯಮ್‌ದೋ ಇರಬೇಕು, ತುದಿ ಬಾಗಿರಬೇಕು. ಕೈಯ ಉದ್ದ ಮುಗಿದ ಮೇಲೂ ಕೈ ಮುಂದುವರಿಯುವ ಉಪಾಯ ಇದು. ನಾನು ಕಿರೀಟ ಕೈಬಿಟ್ಟು ಕುತ್ತಿಗೆ ಪಟ್ಟಿ ಇಟ್ಟುಕೊಂಡೆ. ತಲೆಯ ಮೇಲೆ ಅಷ್ಟು ಭಾರ ಹೊರಿಸಿದರೆ ತಂಗಿ ಮಾತು ಬಿಡುತ್ತಾಳೆ.

ಮೊದಲ ಪ್ರಯೋಗ ಅಮ್ಮನ ಐದು ಹಳೇ ಸಿಂಥೆಟಿಕ್ ಸೀರೆಗಳ ಮೇಲೆ. ಲೆಕ್ಕ ಹೀಗಿತ್ತು. ಸೀರೆ ಪನ್ನ 110 ಸೆಂಟಿಮೀಟರ್. 190 ಸೆಂಟಿಮೀಟರ್ ಉದ್ದದ ತುಂಡು ಒಂದು ಸೀರೆಯಲ್ಲಿ ಎರಡು ಬರುತ್ತೆ. ಪ್ರತಿ ತುಂಡನ್ನೂ ಓರೆಯಾಗಿ ಕತ್ತರಿಸಿದರೆ ಎರಡು ಕಳಿ: ಮೇಲೆ 8 ಸೆಂಟಿಮೀಟರ್, ಕೆಳಗೆ 102. ಒಟ್ಟು 20 ಕಳಿ. ಹೊಲಿಗೆಗೆ ಹೋದದ್ದು ಕಳೆದು ಕುತ್ತಿಗೆ ಹತ್ತಿರ 120 ಸೆಂಟಿಮೀಟರ್ ಉಳಿಯಿತು, ಕೆಳಗೆ ಘೇರು, ಅಂದರೆ ಅಂಚಿನ ಸುತ್ತಳತೆ, 20 ಮೀಟರ್. ಕಳಿಯ ಒಂದು ಅಂಚು ನೇರ, ಇನ್ನೊಂದು ಓರೆ. ಓರೆ ಅಂಚನ್ನು ಪಕ್ಕದ ಕಳಿಯ ನೇರ ಅಂಚಿಗೇ ಸೇರಿಸಬೇಕು. ಓರೆಗೆ ಓರೆ ಸೇರಿಸಿದರೆ ಆ ಹೊಲಿಗೆ ಎಳೆದುಕೊಂಡು ಜೋತುಬೀಳುತ್ತೆ. ಇದು ಗೊತ್ತಿದ್ದೂ ಎರಡು ಕಡೆ ತಪ್ಪು ಮಾಡಿ ಬಿಚ್ಚಿ ಹೊಲಿದೆ.

ಅಂಚಿಗೆ ಪೀಕೊ ಹಾಕಿಸಲು ಹೋದಾಗ ಅಂಗಡಿಯವರು ಗಂಟು ಬಿಚ್ಚಿ ನೋಡಿ, "ಏನಮ್ಮಾ, ಶಾಮಿಯಾನ ಹೊಲೀತಿದೀರಾ?" ಅಂದರು. 20 ಮೀಟರ್ ಅಂದಾಗ ಅಳೆದೇ ದುಡ್ಡು ತೆಗೆದುಕೊಂಡರು.

ಮೂರನೇ ವಾರ

ತಾರಸಿಯ ಮೇಲೆ ಮೊದಲ ಪ್ರದರ್ಶನ. ನೋಡಲು ನಾನು, ಅಮ್ಮ, ಪಕ್ಕದ ಮನೆ ಬೆಕ್ಕು. ಐದು ಬಣ್ಣದ ಸೀರೆಯಲ್ಲಿ ತಂಗಿ ಗಾಳಿಗೆ ಸಿಕ್ಕಿದ ಬಟ್ಟೆ ಅಂಗಡಿಯ ಹಾಗಿದ್ದಳು. ಚಿಟ್ಟೆಯೂ ಇಲ್ಲ, ದಾಸವಾಳವೂ ಇಲ್ಲ. ಎರಡೇ ನಿಮಿಷಕ್ಕೆ "ಅಕ್ಕಾ, ಭುಜ ಹೋಯ್ತು" ಅಂತ ಕೂತಳು. ಅಡುಗೆಮನೆ ತಕ್ಕಡಿಯಲ್ಲಿಟ್ಟರೆ ಒಂದೂವರೆ ಕೆಜಿ ದಾಟಿತ್ತು. ಅದು ಕೋಲಿನ ತುದಿಯಲ್ಲಿದ್ದಾಗ ನಾಲ್ಕೈದು ಕೆಜಿಯ ಹಾಗೆ ಎಳೆಯುತ್ತೆ. ಕೋಲಾಗಿ ಬಳಸಿದ್ದ, ಪರದೆಗೆ ಹಾಕುವ ಅಲ್ಯೂಮಿನಿಯಮ್ ಪೈಪು ಬೇರೆ ಬಾಗಿಹೋಯಿತು.

ಲೋಯಿ ಇದನ್ನು ರಾತ್ರಿ ರಾತ್ರಿ ಮಾಡುತ್ತಿದ್ದಳಲ್ಲ, ಅಂತ ಅವತ್ತು ಅವಳ ಬಗ್ಗೆ ಕೂತು ಓದಿದೆ. 1862ರಲ್ಲಿ ಇಲಿನಾಯ್‌ನಲ್ಲಿ ಹುಟ್ಟಿದವಳು. ನಾಟಕದಲ್ಲಿ ಸಣ್ಣಪುಟ್ಟ ಪಾತ್ರ ಮಾಡುತ್ತಿದ್ದಳು. ಒಂದು ನಾಟಕದಲ್ಲಿ ವಶೀಕರಣಕ್ಕೆ ಒಳಗಾದವಳ ಪಾತ್ರ. ಲಂಗ ಉದ್ದವಾಗಿ ಕಾಲಿಗೆ ಸಿಕ್ಕುತ್ತಿತ್ತು, ಎರಡು ಕೈಯಲ್ಲಿ ಎತ್ತಿ ಹಿಡಿದು ಓಡಾಡಿದೆ, ಜನ "ಚಿಟ್ಟೆ!" ಅಂತ ಕೂಗಿದರು ಅಂತ ಆಕೆಯೇ ಹೇಳಿಕೊಂಡಿದ್ದಾಳೆ. ಸ್ವಲ್ಪ ಮಸಾಲೆ ಸೇರಿರಬಹುದು. ಆದರೂ ನಮ್ಮ ತಂಗಿ ಮೂರು ಸಲ ಅದೇ ಲಂಗ ತುಳಿದು ಮುಗ್ಗರಿಸಿದ್ದು ನೋಡಿದ ಮೇಲೆ ನಾನು ನಂಬುತ್ತೇನೆ.

1892ರಲ್ಲಿ ನ್ಯೂಯಾರ್ಕಿನಲ್ಲಿ ಇನ್ನೊಬ್ಬಳು ಇದೇ ಕುಣಿತ ಶುರುಮಾಡಿದಾಗ ಲೋಯಿ ಕೋರ್ಟಿಗೆ ಹೋದಳು. ಸೋತಳು. ಈ ಕುಣಿತದಲ್ಲಿ ಕಥೆ ಇಲ್ಲ, ಪಾತ್ರ ಇಲ್ಲ, ಆದ್ದರಿಂದ ಇದು ನಾಟಕವಲ್ಲ, ಹಕ್ಕು ಕೊಡಕ್ಕಾಗಲ್ಲ ಎಂದರು ಜಡ್ಜು. ಅಮೆರಿಕದ ಕಾಪಿರೈಟ್ ಕಾಯಿದೆಯಲ್ಲಿ ನೃತ್ಯಸಂಯೋಜನೆಗೆ ಅದರ ಹೆಸರಿನಲ್ಲೇ ಜಾಗ ಸಿಕ್ಕಿದ್ದು 1976ರಲ್ಲಿ. ಕೋರ್ಟಿನಲ್ಲಿ ಸೋತ ಲೋಯಿ 1892ರಲ್ಲೇ ಪ್ಯಾರಿಸ್‌ಗೆ ಹೋದರೆ, ಫೊಲಿ ಬೆರ್ಜೇರ್ ರಂಗಮಂದಿರದಲ್ಲಿ ಆಗಲೇ ಒಬ್ಬಳು ನಕಲು ಕುಣಿಯುತ್ತಿದ್ದಳು! ಲೋಯಿ ಮ್ಯಾನೇಜರ್ ಮುಂದೆ ಕುಣಿದು ತೋರಿಸಿ ಆ ಜಾಗ ಗಿಟ್ಟಿಸಿಕೊಂಡಳು. ಕುಣಿತ ನಿನ್ನದಲ್ಲ ಎಂದಿತ್ತು ಕೋರ್ಟು. ಆಮೇಲೆ ಆಕೆ ಲಂಗದ ಪೇಟೆಂಟು ತೆಗೆದುಕೊಂಡಳು. ನನಗೆ ಆಕೆ ಇಷ್ಟವಾಗಿದ್ದು ಇಲ್ಲೇ.

ಐದನೇ ವಾರ

ನಡುವೆ ಒಂದು ವಾರ ಕೆಲಸವೇ ಆಗಲಿಲ್ಲ, ಮದುವೆ ಸೀಸನ್ ಬ್ಲೌಸುಗಳು.

ತೆಳು ಬಿಳಿ ರೇಷ್ಮೆ ತಂದೆ, 20 ಮೀಟರ್. ಬೆಲೆ ಮನೆಯಲ್ಲಿ ಹೇಳಿಲ್ಲ, ಇಲ್ಲೂ ಬರೆಯಲ್ಲ. ಹೊಲಿದ ಮೇಲೆ ಮುಕ್ಕಾಲು ಕೆಜಿ. ಬಿದಿರು ಬುಟ್ಟಿ ಹೆಣೆಯುವವರ ಹತ್ತಿರ 75 ಸೆಂಟಿಮೀಟರಿನ ಎರಡು ಸಣ್ಣ ಕೋಲು ಸೀಳಿಸಿಕೊಂಡೆ. ತುದಿಯನ್ನು ಗ್ಯಾಸ್ ಒಲೆಯ ಸಣ್ಣ ಉರಿಯ ಮೇಲೆ ಆಡಿಸುತ್ತಾ ನಿಧಾನಕ್ಕೆ ಬಾಗಿಸಿ, ಆರುವವರೆಗೆ ಒದ್ದೆ ಬಟ್ಟೆಯಲ್ಲಿ ಹಿಡಿದುಕೊಂಡೆ. ಒಂದು ಮುರಿಯಿತು, ಹೆಚ್ಚಿಗೆ ತಂದಿದ್ದಕ್ಕೆ ಬಚಾವು.

ಆದರೂ ಚಿಟ್ಟೆ ಬರಲಿಲ್ಲ. ತಪ್ಪು ಎಲ್ಲಿದೆ ಅಂತ ಮೊಬೈಲಿನಲ್ಲಿ ಸ್ಲೋ ಮೋಷನ್ ಹಾಕಿ ನೋಡಿದೆವು. ತಂಗಿಗೆ ಭರತನಾಟ್ಯದ ಅಡವಿನ, ಅಂದರೆ ತಾಳಕ್ಕೆ ಕೂಡಿಸಿದ ಹೆಜ್ಜೆ-ಕೈಗಳ, ಅಭ್ಯಾಸ. ತೈ ಅಂದ ಕೂಡಲೇ ಕೈ ಒಂದು ಜಾಗದಲ್ಲಿ ಠಕ್ ಅಂತ ನಿಲ್ಲುತ್ತೆ. ಕೈ ನಿಂತಾಗ ಅಲೆ ಇನ್ನೂ ಕೋಲಿನ ತುದಿಗೂ ಬಂದಿರಲ್ಲ. ಅದು ಅಂಚಿಗೆ ಹೋಗಿ ಅರಳುವ ಮೊದಲೇ ಬಟ್ಟೆ ಸತ್ತು ಬೀಳುತ್ತೆ. ಅಂದರೆ ಕೈ ಮುಂದಿನ ಸುತ್ತಿಗೆ ಹೊರಟಾಗ ಬಟ್ಟೆ ಹಿಂದಿನ ಸುತ್ತು ಮುಗಿಸುತ್ತಿರಬೇಕು. ನ್ಯೂಯಾರ್ಕಿನ ಜೋಡಿ ಸ್ಪರ್ಲಿಂಗ್ ಈಗಲೂ ಈ ಶೈಲಿಯಲ್ಲಿ ಕುಣಿಯುತ್ತಾರೆ. ಅವರ ವಿಡಿಯೋ ನೋಡಿ, ಎಂಟರ ಆಕಾರದಲ್ಲಿ ಎಲ್ಲೂ ನಿಲ್ಲಿಸದೆ ತಿರುಗಿಸುವುದನ್ನೇ ಮೂರು ಸಂಜೆ ಮಾಡಿದೆವು. ನಾಲ್ಕನೇ ಸಂಜೆ, ಗಾಳಿ ಇಲ್ಲದ ಹೊತ್ತಲ್ಲಿ, ಎರಡು ರೆಕ್ಕೆ ಒಟ್ಟಿಗೆ ಎದ್ದವು. ಅಮ್ಮ ಒಣಗಿದ ಬಟ್ಟೆ ತೆಗೆಯುವುದು ಬಿಟ್ಟು ನಿಂತರು.

ಆರನೇ ವಾರ

ಈ ವಾರ ಬೆಳಕು. ಲೋಯಿ ರಂಗವನ್ನು ಪೂರ್ತಿ ಕತ್ತಲು ಮಾಡಿ, ಕಪ್ಪು ಪರದೆ ಕಟ್ಟಿ, ಎಲೆಕ್ಟ್ರಿಕ್ ದೀಪಗಳ ಮುಂದೆ ಬಣ್ಣದ ಜಿಲೆಟಿನ್ ಹಾಳೆ ತಿರುಗಿಸುತ್ತಿದ್ದಳು. ಬೆಂಕಿ ಕುಣಿತಕ್ಕೆ ನೆಲದಲ್ಲಿ ಗಾಜು ಹಾಕಿಸಿ ಕೆಳಗಿನಿಂದ ಬೆಳಕು ಬಿಡುತ್ತಿದ್ದಳು. ಕ್ಯೂರಿ ದಂಪತಿ ರೇಡಿಯಂ ಕಂಡುಹಿಡಿದ ಮೇಲೆ ಅದನ್ನೇ ಬಟ್ಟೆಗೆ ಹಚ್ಚಬಹುದಾ ಅಂತ ಪತ್ರ ಬರೆದು ಕೇಳಿದ್ದಳು! ಪುಣ್ಯಕ್ಕೆ ಅವರು ಬೇಡ ಅಂದರು. ಆಕೆ ಬೇರೆ ಹೊಳೆಯುವ ಲವಣಗಳನ್ನು ಬಳಸಿ 1904ರ ಹೊತ್ತಿಗೆ ರೇಡಿಯಂ ಕುಣಿತ ಮಾಡಿದಳು.

ನಮ್ಮ ಬಳಿ ಕಪ್ಪು ಬೆಡ್‌ಶೀಟು ಮೂರು, ಎಲ್‌ಇಡಿ ಲೈಟು ಎರಡು, ಗಿಫ್ಟ್ ಸುತ್ತುವ ಜಿಲೆಟಿನ್ ಪೇಪರು. ಮುಂದಿನಿಂದ ಬೆಳಕು ಬಿಟ್ಟರೆ ಬಟ್ಟೆ ಬಟ್ಟೆಯಾಗಿಯೇ ಕಾಣುತ್ತೆ. ಲೈಟನ್ನು ನೆಲಕ್ಕಿಟ್ಟು ಪಕ್ಕದಿಂದ ಮೇಲಕ್ಕೆ ತಿರುಗಿಸಿದಾಗ ತಂಗಿ ಮಾಯ, ಬರೀ ಕೆಂಪು. ಆ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು.

ಕತ್ತಲಲ್ಲಿ ಕೂತಾಗ ತಂಗಿ ಕೇಳಿದಳು, "ಮತ್ತೆ ಎಲ್ಲರಿಗೂ ಇಸಡೋರಾ ಡಂಕನ್ ಹೆಸರೇ ಯಾಕೆ ಗೊತ್ತು?" ಇಸಡೋರಾ ಕೂಡ ಅದೇ ಕಾಲದ ಅಮೆರಿಕದ ನರ್ತಕಿ. 1902ರಲ್ಲಿ ಅವಳನ್ನು ತನ್ನ ತಂಡದ ಜೊತೆ ಕರೆದುಕೊಂಡು ಹೋಗಿ ವಿಯೆನ್ನಾದಲ್ಲಿ ದೊಡ್ಡವರಿಗೆ ಪರಿಚಯ ಮಾಡಿಸಿದ್ದು ಲೋಯಿಯೇ. ಇಸಡೋರಾ ಸ್ವಲ್ಪ ದಿನಕ್ಕೇ ತನ್ನ ದಾರಿ ಹಿಡಿದಳು. ನನಗನಿಸಿದ್ದು ಇಷ್ಟು: ಇಸಡೋರಾಳ ಕುಣಿತಕ್ಕೆ ಬರಿಗಾಲು, ಒಂದು ತೆಳು ಉಡುಗೆ ಸಾಕು, ಶಿಷ್ಯೆಯರು ಮೈಯಲ್ಲೇ ಹೊತ್ತುಕೊಂಡು ಹೋಗಬಹುದು. ಲೋಯಿಯದಕ್ಕೆ ಬಟ್ಟೆ, ಕೋಲು, ಗಾಜು, ಲೈಟಿನವರು, ಎಲ್ಲ ಬೇಕು. ಇಸಡೋರಾ ಸತ್ತದ್ದು 1927ರ ಸೆಪ್ಟೆಂಬರಿನಲ್ಲಿ, ಶಾಲು ಕಾರಿನ ಚಕ್ರಕ್ಕೆ ಸಿಕ್ಕಿ. ಲೋಯಿ ಮೂರೂವರೆ ತಿಂಗಳ ನಂತರ, 1928ರ ಹೊಸ ವರ್ಷದ ದಿನ. ಇಬ್ಬರ ಬೂದಿಯೂ ಪ್ಯಾರಿಸ್‌ನ ಪೆರ್ ಲಾಷೇಸ್ ಸ್ಮಶಾನದಲ್ಲೇ ಇದೆ.

ಕರೆಂಟು ಒಂಬತ್ತಕ್ಕೆ ಬಂತು, ಆದರೆ ತಂಗಿ ಭುಜಕ್ಕೆ ಎಣ್ಣೆ ಹಚ್ಚಿಕೊಂಡು ಮಲಗಿದ್ದಳು. ಲಂಗವನ್ನು ಬಾಗಿಲ ಮೇಲಿನ ಮೊಳೆಗೆ ತೂಗುಹಾಕಿದ್ದೇನೆ. ಓರೆ ಅಂಚುಗಳು ಎರಡು ರಾತ್ರಿಯಲ್ಲಿ ಎಷ್ಟು ಜಗ್ಗುತ್ತವೋ ನೋಡಿ, ಭಾನುವಾರ ಕೆಳಗಡೆ ಸಮ ಮಾಡಿ ಕತ್ತರಿಸಬೇಕು. ಮತ್ತೆ ಅದೇ ಪೀಕೊ ಅಂಗಡಿ, ಮತ್ತೆ 20 ಮೀಟರ್.