ಒಂದೇ ಹೆಸರಿನ ಎರಡು ಫೋಲ್ಡರ್: ಹಾಡಿನ ಸರ್ವರ್ ಕೆಲಸ ಎಲ್ಲಿಗೆ ಬಂತು

ನಮ್ಮ ಮನೆಯ ಹಾಡಿನ ಸರ್ವರಿನ ಡಿಸ್ಕ್ ಯಾಕೆ ತುಂಬುತ್ತಿತ್ತು ಅಂತ ಕೊನೆಗೂ ಗೊತ್ತಾಯಿತು. ಕಾರಣ, ಒತ್ವದ ದೀರ್ಘ. ತಮಾಷೆ ಅಲ್ಲ, ನಿಜವಾಗಿಯೂ ‘ಕೋ’ ಅನ್ನುವ ಅಕ್ಷರದ ಮೇಲಿನ ಆ ಚಿಹ್ನೆ.

ಹೊಸದಾಗಿ ಓದುವವರಿಗೆ ಎರಡೇ ಮಾತು. ದೊಡ್ಡಪ್ಪ ಊರೂರು ತಿರುಗಿ ರೆಕಾರ್ಡ್ ಮಾಡಿದ್ದ ಜನಪದ ಹಾಡುಗಳ ಕ್ಯಾಸೆಟ್‌ಗಳನ್ನು ಡಿಜಿಟಲ್ ಮಾಡಿ, ಸಾಹಿತ್ಯವನ್ನು ಟೈಪ್ ಮಾಡಿ, ಮನೆಯ ಹಳೇ ಲ್ಯಾಪ್‌ಟಾಪಿನಲ್ಲಿ ಡೆಬಿಯನ್ (ಲಿನಕ್ಸ್‌ನ ಒಂದು ಬಗೆ) ಹಾಕಿ ಇಡುತ್ತಿದ್ದೇನೆ. ಅದೇ ಸರ್ವರ್. ತಮ್ಮ ದೂರದಲ್ಲಿದ್ದಾನೆ, ಅವನ ಹಳೇ ಮ್ಯಾಕ್‌ನಿಂದ ರಾತ್ರಿ ಆರ್‌ಸಿಂಕ್ (ಎರಡು ಕಂಪ್ಯೂಟರಿನ ಫೈಲ್‌ಗಳನ್ನು ಸಮ ಮಾಡುವ ಪ್ರೋಗ್ರಾಂ) ಓಡುತ್ತದೆ. ಡೆಬಿಯನ್ ಹಾಕಿದ್ದು, ಎಸ್‌ಎಸ್‌ಎಚ್ ಕೀ ಮಾಡಿದ್ದು, ಕ್ರಾನ್ ಬರೆದಿದ್ದು ನಿಮಗೆಲ್ಲ ಗೊತ್ತಿರುವ ಕಥೆ, ಬಿಡಿ. ಕಮಾಂಡ್‌ಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆಯುತ್ತೇನೆ. ಟೈಪ್ ಮಾಡುವಾಗ ಮಾಮೂಲಿನ ಹಾಗೆ ಇಂಗ್ಲಿಷಿನಲ್ಲಿ ಮಾಡಿಕೊಳ್ಳಿ: ‘ಮೈನಸ್’ ಅಂದರೆ - ಗುರುತು, ‘ನಕ್ಷತ್ರ’ ಅಂದರೆ * ಗುರುತು, ‘ಮುಂದೆ ಏನಿದ್ದರೂ ಸರಿ’ ಅಂತ.

ಒಂದು ಗೊಣಗಾಟ ಮಾತ್ರ ಮುಗಿಸಿಬಿಡುತ್ತೇನೆ. ಎಸ್‌.ಪಿ. ರೋಡಿನ (ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ) ಒಂದು ಅಂಗಡಿಯಲ್ಲಿ 128 ಜಿಬಿ ಮೆಮೊರಿ ಕಾರ್ಡ್ ತಗೊಂಡೆ. ಡಿಎಫ್ (ಡಿಸ್ಕಿನಲ್ಲಿ ಎಷ್ಟು ಜಾಗ ಇದೆ ಅಂತ ಹೇಳುವ ಕಮಾಂಡ್) ಕೇಳಿದರೆ ಸರಿಯಾಗಿಯೇ ಇದೆ ಅನ್ನುತ್ತದೆ. ಎಫ್3 (ಕಾರ್ಡಿನ ನಿಜವಾದ ಅಳತೆ ಪರೀಕ್ಷಿಸುವ ಪ್ರೋಗ್ರಾಂ) ಓಡಿಸಿದರೆ ಒಳಗಿರುವುದು ಅದರ ಕಾಲು ಭಾಗವೂ ಇಲ್ಲ. ವಾಪಸ್ ಹೋದರೆ, ‘ಸರ್, ಫೋಟೋ ಹಾಕ್ಕೊಳ್ಳೋಕೆ ಪರವಾಗಿಲ್ಲ’ ಅಂದ. ಕಾರ್ಡ್ ತಗೊಂಡ ದಿನವೇ ಎಫ್3 ಓಡಿಸಿ, ಬಿಲ್ ಇಲ್ಲದೆ ಏನೂ ತಗೋಬೇಡಿ. ಇಷ್ಟೇ.

ಈಗ ವಿಷಯಕ್ಕೆ. ಡಿಎಫ್ ಮೈನಸ್ ಎಚ್ ಕೊಟ್ಟಾಗ ಡಿಸ್ಕ್ ಬಹುತೇಕ ತುಂಬಿತ್ತು. ಸಿಡಿ ಗುಣಮಟ್ಟದ ವೇವ್ ಫೈಲ್ ನಿಮಿಷಕ್ಕೆ ಸುಮಾರು 10.6 ಎಂಬಿ ತಿನ್ನುತ್ತದೆ. 60 ನಿಮಿಷದ ಒಂದು ಕ್ಯಾಸೆಟ್ ಅಂದರೆ 635 ಎಂಬಿ. ಆ ಲೆಕ್ಕದಲ್ಲಿ ಅರ್ಧ ಡಿಸ್ಕ್ ಖಾಲಿ ಇರಬೇಕಿತ್ತು. ಡಿಯು ಮೈನಸ್ ಎಸ್‌ಎಚ್ ಕೊಟ್ಟು ಒಂದೊಂದೇ ಫೋಲ್ಡರಿನ ಅಳತೆ ನೋಡಿದೆ. ಪಟ್ಟಿಯಲ್ಲಿ ‘ಕೋಲಾಟ’ ಎರಡು ಸಲ ಬಂತು. ‘ಸೋಬಾನೆ’ ಎರಡು ಸಲ. ‘ಗೀಗೀ ಪದ’ ಎರಡು ಸಲ. ಒಂದೇ ಡೈರೆಕ್ಟರಿಯಲ್ಲಿ ಒಂದೇ ಹೆಸರಿನ ಎರಡು ಫೋಲ್ಡರ್ ಇರೋಕೆ ಸಾಧ್ಯವೇ ಇಲ್ಲ, ಅಲ್ವಾ? ಆದರೂ ಎರಡೂ ಕಣ್ಣೆದುರಿಗೇ ಇವೆ.

ಮೊದಲ ಅನುಮಾನ ಹೆಸರಿನ ಕೊನೆಯ ಸ್ಪೇಸ್ ಮೇಲೆ. ಎಲ್‌ಎಸ್ (ಫೈಲ್‌ಗಳ ಪಟ್ಟಿ ಕೊಡುವ ಕಮಾಂಡ್) ಮೈನಸ್ ದೊಡ್ಡ ಕ್ಯೂ ಹೆಸರಿನ ಸುತ್ತ ಕೊಟೇಶನ್ ಹಾಕಿ ತೋರಿಸುತ್ತದೆ, ಸ್ಪೇಸ್ ಇದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ಸಿಗಲಿಲ್ಲ. ಫೈಲ್ ಸಿಸ್ಟಂ ಕೆಟ್ಟಿರಬಹುದು ಅಂತ ಎಫ್‌ಎಸ್‌ಸಿಕೆ ಓಡಿಸಿದೆ. ಅದು ಎಲ್ಲ ಚೆನ್ನಾಗಿದೆ ಅಂದಿತು. ಫೈಲ್ ಮ್ಯಾನೇಜರ್ ತೆರೆದು ನೋಡಿದರೆ ಎರಡೂ ಹೆಸರು ತದ್ರೂಪು.

ಟರ್ಮಿನಲ್‌ನಲ್ಲಿ (ಕಮಾಂಡ್ ಟೈಪ್ ಮಾಡುವ ಕಿಟಕಿ) ವ್ಯತ್ಯಾಸ ಕಂಡಿರಬಹುದಲ್ಲ ಅಂತ ಕೇಳುತ್ತೀರಿ. ಟರ್ಮಿನಲ್ ನಮ್ಮ ಲಿಪಿಗೆ ಯಾವಾಗಲೂ ಮಲತಾಯಿಯೇ. ಪ್ರತಿ ಅಕ್ಷರಕ್ಕೂ ಒಂದೊಂದು ಚೌಕ ಅಂತ ಲೆಕ್ಕ ಹಾಕುವ ಜಾಗದಲ್ಲಿ ಒತ್ತಕ್ಷರ ಒಂದು ಕಡೆ, ದೀರ್ಘ ಇನ್ನೊಂದು ಕಡೆ. ಎಲ್ಲ ಹೆಸರೂ ಸ್ವಲ್ಪ ಸ್ವಲ್ಪ ಸೊಟ್ಟಗಿರುವಾಗ ಯಾವುದರ ಮೇಲೆ ಅಂತ ಅನುಮಾನ ಪಡೋದು?

ತಲೆ ಕೆಡಿಸಿದ್ದು ಇನ್ನೊಂದು. ತಮ್ಮ ಹೊಸದಾಗಿ ಸೇರಿಸಿದ ‘ಜೋಗುಳ’ ಫೈಲ್ ಎಲ್‌ಎಸ್ ಪಟ್ಟಿಯಲ್ಲಿದೆ. ಅದನ್ನು ಓದಲು ಕ್ಯಾಟ್ ಜೋಗುಳ ಅಂತ ನಾನು ಟೈಪ್ ಮಾಡಿದರೆ, ‘ನೋ ಸಚ್ ಫೈಲ್ ಆರ್ ಡೈರೆಕ್ಟರಿ’, ಅಂಥ ಫೈಲೇ ಇಲ್ಲ. ಲೆಸ್ ಕೊಟ್ಟರೂ ಅದೇ, ಹೆಡ್ ಕೊಟ್ಟರೂ ಅದೇ. ಪಟ್ಟಿಯಲ್ಲಿದ್ದ ಹೆಸರನ್ನು ಮೌಸಿನಲ್ಲಿ ಹಿಡಿದು ಅಂಟಿಸಿದರೆ ತೆರೆಯುತ್ತದೆ! ಕ್ಯಾಟ್ ಜ-ನಕ್ಷತ್ರ ಅಂದರೂ ತೆರೆಯುತ್ತದೆ. ನಾನು ಬರೆದ ‘ಜೋಗುಳ’ವೂ ಅವನು ಬರೆದ ‘ಜೋಗುಳ’ವೂ ಬೇರೆ ಬೇರೆ ಅನ್ನುವುದು ಅಲ್ಲಿಗೆ ಖಚಿತವಾಯಿತು. ಎಲ್ಲಿ ಬೇರೆ ಅನ್ನುವುದಷ್ಟೇ ಬಾಕಿ.

ಸುಳಿವು ಸಿಕ್ಕಿದ್ದು ಪಟ್ಟಿಯಲ್ಲೇ. ಯಾವುದು ಜೋಡಿಯಾಗಿದೆ, ಯಾವುದು ಒಂಟಿಯಾಗಿದೆ ಅಂತ ಕಾಗದದಲ್ಲಿ ಬರೆದುಕೊಂಡೆ. ಕೋಲಾಟ, ಸೋಬಾನೆ, ಗೀಗೀ ಪದ, ಬೀಸುವ ಪದ, ಡೊಳ್ಳು, ಮೈಲಾರಲಿಂಗ: ಇವೆಲ್ಲ ಜೋಡಿ. ಲಾವಣಿ, ತತ್ವಪದ, ಗೌರಿ ಹಾಡು: ಒಂಟಿ. ‘ಗೌರಿ’ಯೇ ನನ್ನನ್ನು ಜಾಸ್ತಿ ಸತಾಯಿಸಿದ್ದು. ದೀರ್ಘ ಸ್ವರ ಇರುವುದೆಲ್ಲ ಜೋಡಿ ಅನ್ನೋಣ ಅಂದರೆ ‘ಲಾ’ ಇದೆ, ‘ಗೌ’ ಇದೆ, ಅವು ಒಂಟಿ. ‘ಡೊ’ ಹ್ರಸ್ವ, ಆದರೂ ಜೋಡಿ.

ಆಮೇಲೆ ಬೈಟ್‌ಗಳನ್ನೇ (ಹೆಸರು ಡಿಸ್ಕಿನಲ್ಲಿ ನಿಜವಾಗಿ ಕೂತಿರುವ ಸಂಖ್ಯೆಗಳು) ಕೇಳಿದೆ. ಇದನ್ನು ಮೊದಲೇ ಕೇಳುವ ಅಭ್ಯಾಸ ಇರುವವರು ಪುಣ್ಯವಂತರು. ಎಲ್‌ಎಸ್ ಮೈನಸ್ ಡಿ ಕ-ನಕ್ಷತ್ರ, ಪೈಪ್, ಓಡಿ ಮೈನಸ್ ಟಿಎಕ್ಸ್1. ಕನ್ನಡದ ಪ್ರತಿ ಚಿಹ್ನೆಯೂ ಯುಟಿಎಫ್-8ರಲ್ಲಿ (ಯೂನಿಕೋಡ್ ಅಕ್ಷರಗಳನ್ನು ಬೈಟ್ ಆಗಿ ಬರೆಯುವ ಪದ್ಧತಿ) ಮೂರು ಬೈಟ್. ಮೊದಲ ‘ಕೋ’ ಹೀಗಿತ್ತು: ಇ0 ಬಿ2 95, ಇ0 ಬಿ3 8ಬಿ. ಅಂದರೆ ಕ, ಅದರ ಮೇಲೆ ‘ೋ’. ಎರಡನೇ ‘ಕೋ’: ಇ0 ಬಿ2 95, ಇ0 ಬಿ3 86, ಇ0 ಬಿ3 82, ಇ0 ಬಿ3 95. ಕ, ಆಮೇಲೆ ಮೂರು ಚಿಹ್ನೆ! ಡಬ್ಲ್ಯುಸಿ ಮೈನಸ್ ಸಿ ಕೊಟ್ಟು ಎಣಿಸಿದರೆ ಒಂದು ‘ಕೋಲಾಟ’ 15 ಬೈಟ್, ಇನ್ನೊಂದು 21. ಸಾಲಿನ ಕೊನೆಯ ಹೊಸಸಾಲು ಬೈಟ್ ಸೇರಿ 16 ಮತ್ತು 22 ಅಂತ ತೋರಿಸುತ್ತದೆ, ಗಾಬರಿ ಆಗಬೇಡಿ.

ಆ ಮೂರು ಚಿಹ್ನೆ ಯಾವುವು ಅಂತ ಯೂನಿಕೋಡ್ ಪಟ್ಟಿಯಲ್ಲಿ ಹುಡುಕಿದರೆ ಒಂದನೇ ಕ್ಲಾಸಿನ ಕಾಗುಣಿತ ಎದ್ದು ಬಂತು. 86 ಅಂದರೆ ಎತ್ವ. 82 ಅಂದರೆ ಕೊಂಬಿನ ಇಳಿ. 95 ಅಂದರೆ ಬರೀ ದೀರ್ಘ. ಬಾಯಿಪಾಠ ಮಾಡಿದ್ದು ನೆನಪಿದೆಯಾ? ಗುಡಿಸು, ಗುಡಿಸಿನ ದೀರ್ಘ. ಎತ್ವ, ಎತ್ವದ ದೀರ್ಘ. ಒತ್ವ, ಒತ್ವದ ದೀರ್ಘ. ಯೂನಿಕೋಡ್‌ನಲ್ಲಿ ಹೀಗೆ ಬಿಡಿಸಿ ಬರೆಯಬಹುದಾದ ಸ್ವರಚಿಹ್ನೆ ಕನ್ನಡಕ್ಕೆ ಐದೇ: ೀ, ೇ, ೈ, ೊ, ೋ. ಔತ್ವಕ್ಕೆ ಬಿಡಿ ರೂಪ ಇಲ್ಲ. ಹಾಗಾಗಿ ಗೌರಿ ಬಚಾವ್. ನನ್ನ ಕಾಗದದ ಪಟ್ಟಿ ಪೂರ್ತಿ ತಾಳೆ ಬಿತ್ತು.

ಇಡಿಯಾಗಿ ಬರೆದರೂ ಸರಿ, ಬಿಡಿಸಿ ಬರೆದರೂ ಸರಿ, ಎರಡೂ ಒಂದೇ ಅಂತಲೇ ಯೂನಿಕೋಡ್ ಹೇಳುವುದು. ಫಾಂಟ್ ಕೂಡ ಎರಡನ್ನೂ ಒಂದೇ ಥರ ಚಿತ್ರಿಸುತ್ತದೆ. ಆದರೆ ಲಿನಕ್ಸ್‌ಗೆ ಫೈಲಿನ ಹೆಸರು ಅಂದರೆ ಬರೀ ಬೈಟ್‌ಗಳ ಸಾಲು. ಸ್ಲ್ಯಾಶ್ ಮತ್ತು ಸೊನ್ನೆ ಬೈಟ್ ಬಿಟ್ಟು ಬೇರೆ ಏನು ಬರೆದರೂ ಅದು ಕಣ್ಣು ಮುಚ್ಚಿಕೊಂಡು ಇಟ್ಟುಕೊಳ್ಳುತ್ತದೆ. ಮ್ಯಾಕ್‌ನ ಹಳೇ ಎಚ್‌ಎಫ್‌ಎಸ್ ಪ್ಲಸ್ (ಅದರ ಫೈಲ್ ಸಿಸ್ಟಂ) ಹಾಗಲ್ಲ, ಹೆಸರನ್ನು ಬಿಡಿಸಿಯೇ ಇಡುತ್ತದೆ. ಲಿನಕ್ಸ್ ಶುರುಮಾಡಿದ ಲಿನಸ್ ಟೊರ್ವಾಲ್ಡ್ಸ್ ಈ ಬಗ್ಗೆ ಬಹಿರಂಗವಾಗಿ ರೇಗಾಡಿದ್ದೂ ಇದೆ. ಕೋಡಿನ ಆವೃತ್ತಿಗಳನ್ನು ಇಡುವ ಗಿಟ್‌ನಲ್ಲಿ ಇದಕ್ಕಾಗಿಯೇ ‘ಪ್ರೀಕಂಪೋಸ್ ಯೂನಿಕೋಡ್’ ಅಂತ ಒಂದು ಸೆಟ್ಟಿಂಗ್ ಇದೆ. 2017ರಲ್ಲಿ ಬಂದ ಮ್ಯಾಕ್‌ನ ಹೊಸ ಫೈಲ್ ಸಿಸ್ಟಂ ಎಪಿಎಫ್‌ಎಸ್ ಹೆಸರನ್ನು ಕೊಟ್ಟ ಹಾಗೆಯೇ ಇಡುತ್ತದೆ, ಆದರೆ ತಮ್ಮನ ಮಷಿನ್ ಅದಕ್ಕಿಂತ ಹಳೆಯದು. ಅಂದರೆ ನನ್ನ ‘ಕೋಲಾಟ’ ಅವನಲ್ಲಿಗೆ ಹೋಗಿ, ಬಿಡಿಬಿಡಿಯಾಗಿ, ರಾತ್ರಿ ಆರ್‌ಸಿಂಕ್‌ನಲ್ಲಿ ವಾಪಸ್ ಬರುತ್ತಿತ್ತು. ಇದು ಹೊಸ ಫೋಲ್ಡರ್ ಅಂದುಕೊಂಡು ಸರ್ವರ್ ಇನ್ನೊಂದು ಪ್ರತಿ ಇಟ್ಟುಕೊಳ್ಳುತ್ತಿತ್ತು. ಫೈಲ್ ಒಳಗಿನ ಸಾಹಿತ್ಯಕ್ಕೆ ಏನೂ ಆಗಿಲ್ಲ, ಅಲ್ಲಿ ಗ್ರೆಪ್ ಸರಿಯಾಗಿಯೇ ಹುಡುಕುತ್ತದೆ. ಹೆಸರು ಮಾತ್ರ ಬಿಡಿಸಿಕೊಂಡಿದೆ.

ಕಾರಣ ಗೊತ್ತಾದ ಮೇಲೆ ಎಲ್ಲರ ಕೈಯೂ ಅಳಿಸುವ ಆರ್‌ಎಂ ಕಡೆಗೇ ಹೋಗುತ್ತದೆ. ತಡೆಯಿರಿ. ಆರ್‌ಎಂ ಮೈನಸ್ ಆರ್ ಕೋ-ನಕ್ಷತ್ರ ಅಂದರೆ ಅಳಿಯುವುದು ನೀವು ಟೈಪ್ ಮಾಡಿದ ಇಡಿ ರೂಪ, ಅಂದರೆ ಮೂಲ ಪ್ರತಿ. ಕ-ನಕ್ಷತ್ರ ಅಂದರೆ ಎರಡೂ ಹೋಯಿತು. ಇಲ್ಲಿ ಹೆಸರನ್ನು ನಂಬುವ ಹಾಗಿಲ್ಲ, ಐನೋಡ್ ನಂಬರ್ (ಪ್ರತಿ ಫೈಲು, ಫೋಲ್ಡರಿಗೂ ಫೈಲ್ ಸಿಸ್ಟಂ ಕೊಡುವ ಗುರುತಿನ ಸಂಖ್ಯೆ) ಹಿಡಿಯಬೇಕು. ಎಲ್‌ಎಸ್ ಮೈನಸ್ ಡಿಐ ಕ-ನಕ್ಷತ್ರ ಕೊಟ್ಟರೆ ಪ್ರತಿ ಹೆಸರಿನ ಎಡಕ್ಕೆ ನಂಬರ್ ಬರುತ್ತದೆ. ಬಿಡಿ ರೂಪದ ನಂಬರ್ ಗುರುತು ಮಾಡಿಕೊಂಡು, ಫೈಂಡ್‌ಗೆ ಮ್ಯಾಕ್ಸ್‌ಡೆಪ್ತ್ 1, ಐನಂ ಆ ನಂಬರ್, ಎಕ್ಸೆಕ್‌ನಲ್ಲಿ ಎಂವಿ ಮೈನಸ್ ಎನ್ ಕೊಟ್ಟು ‘ಕೆ2’ ಅಂತ ಸಾದಾ ಇಂಗ್ಲಿಷ್ ಹೆಸರಿಗೆ ಬದಲಿಸಿದೆ. ಮೈನಸ್ ಎನ್ ಇದ್ದರೆ ಎಂವಿ ಇದ್ದ ಫೈಲಿನ ಮೇಲೆ ಬರೆಯುವುದಿಲ್ಲ. ಇಂಥ ದಿನಗಳಲ್ಲಿ ಅದನ್ನು ಅಲಿಯಾಸ್ ಮಾಡಿಟ್ಟುಕೊಳ್ಳುವುದೇ ಒಳ್ಳೆಯದು.

‘ಕೆ2’ ಒಳಗಿನ ಫೈಲ್ ಹೆಸರುಗಳೂ ಬಿಡಿಯಾಗಿಯೇ ಇರುತ್ತವಲ್ಲ, ಅದಕ್ಕೆ ಫೈಲ್ ಹೆಸರಿನ ಎನ್‌ಕೋಡಿಂಗ್ ಬದಲಿಸುವ ಕಾನ್ವ್‌ಎಂವಿ. ಡೆಬಿಯನ್‌ನಲ್ಲಿ ಸಿಗುತ್ತದೆ. ಮೈನಸ್ ಆರ್, ಮೈನಸ್ ಎಫ್ (‘ಇಂದ’) ಯುಟಿಎಫ್8, ಮೈನಸ್ ಟಿ (‘ಗೆ’) ಯುಟಿಎಫ್8, ಕೊನೆಗೆ ಎನ್‌ಎಫ್‌ಸಿ, ಅಂದರೆ ಇಡಿ ರೂಪ. ಅದು ಸುಮ್ನೆ ಏನು ಮಾಡುತ್ತೇನೆ ಅಂತ ಹೇಳುತ್ತದೆ, ಮಾಡುವುದಿಲ್ಲ. ನೋಟೆಸ್ಟ್ ಅಂತ ಸೇರಿಸಿದರೆ ಮಾತ್ರ ಕೈ ಹಾಕುತ್ತದೆ. ಎಲ್ಲ ಕಮಾಂಡ್‌ಗಳೂ ಹೀಗಿದ್ದಿದ್ದರೆ ಎಷ್ಟೋ ಜನರ ಮದುವೆ ಫೋಟೋ ಉಳಿಯುತ್ತಿತ್ತು.

ಹೆಸರು ಸಮ ಆದ ಮೇಲೆ ಡಿಫ್ ಮೈನಸ್ ಆರ್‌ಕ್ಯೂ ಕೊಟ್ಟು ಎರಡು ಫೋಲ್ಡರ್ ಹೋಲಿಸಿದೆ. ವೇವ್ ಫೈಲ್‌ಗಳೆಲ್ಲ ಒಂದೇ. ಆದರೆ ಸೋಬಾನೆಯ ಸಾಹಿತ್ಯದಲ್ಲಿ ಅಜ್ಜಿಯನ್ನು ಕೇಳಿ ತಮ್ಮ ತಿದ್ದಿದ್ದ ಸಾಲುಗಳು ಬಿಡಿ ರೂಪದ ಫೋಲ್ಡರ್‌ನಲ್ಲಿ ಮಾತ್ರ ಇದ್ದವು. ನಾನು ತಿದ್ದಿದ್ದು ಇಡಿ ರೂಪದಲ್ಲಿ ಮಾತ್ರ. ಎರಡು ಕಡೆಯೂ ಅರ್ಧರ್ಧ ಸರಿ. ಡಿಫ್ ಮೈನಸ್ ವೈ ಹಾಕಿ ಅಕ್ಕಪಕ್ಕ ಇಟ್ಟುಕೊಂಡು ಕೈಯಲ್ಲೇ ಕೂಡಿಸಿದೆ. ಆಮೇಲೆ ಆರ್‌ಎಂ ಮೈನಸ್ ಆರ್ ಕೆ2. ಡಿಎಫ್ ನಿಟ್ಟುಸಿರು ಬಿಟ್ಟಿತು.

ಮತ್ತೆ ಬರದ ಹಾಗೆ ಮಾಡುವುದು ಮ್ಯಾಕ್ ಕಡೆಯ ಕೆಲಸ. ಆರ್‌ಸಿಂಕ್‌ಗೆ ಹೆಸರಿನ ಎನ್‌ಕೋಡಿಂಗ್ ಬದಲಿಸುವ ಐಕಾನ್ವ್ ಆಯ್ಕೆ ಇದೆ: ಈಕಡೆ ಯುಟಿಎಫ್-8-ಮ್ಯಾಕ್, ಆಕಡೆ ಯುಟಿಎಫ್-8. ಇದನ್ನು ಲಿನಕ್ಸ್‌ನಿಂದ ಓಡಿಸಿ ಪ್ರಯೋಜನವಿಲ್ಲ, ನಮ್ಮ ಲಿನಕ್ಸ್‌ನ ಮೂಲ ಲೈಬ್ರರಿ ಜಿಲಿಬ್‌ಸಿಗೆ ಆ ಮ್ಯಾಕ್ ಹೆಸರಿನ ಎನ್‌ಕೋಡಿಂಗ್ ಗೊತ್ತೇ ಇಲ್ಲ. ಜೊತೆಗೆ, ಹಳೇ ಮ್ಯಾಕ್‌ಗಳ ಜೊತೆ ಬರುವುದು ಆರ್‌ಸಿಂಕ್ 2.6.9. ಐಕಾನ್ವ್ ಬಂದಿದ್ದು 3.0ರಲ್ಲಿ, 2008ರಲ್ಲಿ. ಹೋಂಬ್ರೂನಿಂದ (ಮ್ಯಾಕ್‌ಗೆ ಪ್ರೋಗ್ರಾಂ ಹಾಕಿಕೊಡುವ ಸಾಧನ) ಹೊಸದು ಹಾಕಿಸಿದೆವು. ಫೋನಿನಲ್ಲಿ ತಮ್ಮನಿಗೆ ಹೈಫನ್ ಎಲ್ಲಿ, ಅಲ್ಪವಿರಾಮ ಎಲ್ಲಿ ಅಂತ ಹೇಳಿಕೊಡುವ ಹಿಂಸೆ ಬೇರೆಯೇ ಬರಹಕ್ಕೆ ಆಗುವಷ್ಟಿದೆ. ಈಗ ರಾತ್ರಿಯ ಲಾಗ್‌ನಲ್ಲಿ ನಿಜವಾಗಿ ಬದಲಾದ ಫೈಲ್‌ಗಳು ಮಾತ್ರ ಬರುತ್ತವೆ.

ಈ ನಡುವೆ ಹೊಸ ಹುಚ್ಚು ಹತ್ತಿದೆ. 2019ರ 5.2 ಕರ್ನಲ್‌ನಿಂದ ಎಕ್ಸ್‌ಟಿ4ರಲ್ಲಿ (ಲಿನಕ್ಸ್‌ನ ಫೈಲ್ ಸಿಸ್ಟಂ) ‘ಕೇಸ್‌ಫೋಲ್ಡ್’ ಅನ್ನುವ ಸೌಲಭ್ಯ ಇದೆ. ಇಂಗ್ಲಿಷಿನ ದೊಡ್ಡಕ್ಷರ ಚಿಕ್ಕಕ್ಷರ ಒಂದೇ ಅಂತ ನೋಡುವುದಕ್ಕೆ ಮಾಡಿದ್ದು. ಕನ್ನಡಕ್ಕೆ ಆ ತಾಪತ್ರಯ ಇಲ್ಲ, ಆದರೆ ಅದು ಇಡಿ ರೂಪ ಬಿಡಿ ರೂಪ ಎರಡನ್ನೂ ಒಂದೇ ಅಂತ ಪರಿಗಣಿಸುತ್ತದೆ! ಡಿಸ್ಕ್ ಫಾರ್ಮ್ಯಾಟ್ ಮಾಡುವಾಗ ಆನ್ ಮಾಡಿ, ಖಾಲಿ ಡೈರೆಕ್ಟರಿಗೆ ಸಿಎಚ್‌ಆಟ್ರ್ ಪ್ಲಸ್ ದೊಡ್ಡ ಎಫ್ ಕೊಡಬೇಕು. ಮುಂದಿನ ಡಿಸ್ಕ್ ಬಂದಾಗ ಪ್ರಯೋಗ ಗ್ಯಾರಂಟಿ. ಅದಕ್ಕೂ ಮೊದಲು ದೊಡ್ಡಪ್ಪನ ಕಾಲದ ನುಡಿ ಫೈಲ್‌ಗಳಿವೆ. ಕ್ಯಾಟ್ ಮಾಡಿದರೆ ಪರದೆ ತುಂಬ ಪ್ರಶ್ನೆಚಿಹ್ನೆ. ಹಳೇ ಫಾಂಟಿನ ಆ ಎನ್‌ಕೋಡಿಂಗ್ ಬಿಡಿಸಿ ಯೂನಿಕೋಡ್ ಮಾಡುವುದು ಮುಂದಿನ ಕಂತು.

ಒಂದು ಜೋಡಿ ಮಾತ್ರ ಕಾನ್ವ್‌ಎಂವಿಗೂ ಬಗ್ಗಲಿಲ್ಲ: ‘ಬ್ಯಾಕ್‌ಅಪ್’. ಅದರಲ್ಲಿ ಬಿಡಿಸುವ ಐದು ಚಿಹ್ನೆಗಳಲ್ಲಿ ಒಂದೂ ಇಲ್ಲ. ಈ ಸಲ ನೇರ ಎಲ್‌ಎಸ್, ಪೈಪ್, ಲೆಸ್. ಒಂದು ಹೆಸರಿನ ನಡುವೆ ಲೆಸ್ ‘ಯು+200ಸಿ’ ಅಂತ ಬಣ್ಣ ತಿರುಗಿಸಿ ತೋರಿಸಿತು. ಝೀರೋ ವಿಡ್ತ್ ನಾನ್ ಜಾಯ್ನರ್, ಒತ್ತಕ್ಷರ ಆಗದ ಹಾಗೆ ತಡೆಯುವ, ಕಣ್ಣಿಗೆ ಕಾಣದ ಚಿಹ್ನೆ. ‘ಕ್’ ಆದ ಮೇಲೆ ‘ಅ’ ಬಂದರೆ ಅದು ಇದ್ದರೂ ಇಲ್ಲದಿದ್ದರೂ ಕಣ್ಣಿಗೆ ಒಂದೇ, ಸ್ವರ ಹೇಗೂ ಒತ್ತಾಗುವುದಿಲ್ಲ. ರೀನೇಮ್‌ನಲ್ಲಿ ಇ2 80 8ಸಿ ಅನ್ನುವ ಮೂರು ಬೈಟ್ ಹುಡುಕಿ ತೆಗೆಯಬಹುದು. ಆದರೆ ಎಲ್ಲ ಕಡೆ ತೆಗೆದರೆ ‘ಹಾರ್ಡ್‌ಡಿಸ್ಕ್’ ಹೋಗಿ ‘ಹಾರ್ಡ್ಡಿಸ್ಕ್’ ಆಗುತ್ತದೆ. ಅದಕ್ಕೇ ಮುಂದೆ ಸ್ವರ ಇರುವ ಕಡೆ ಮಾತ್ರ ತೆಗೆದೆ.

ಇನ್ನು ಉಳಿದಿರುವುದು ಉದ್ದ ಹೆಸರುಗಳು. ದೊಡ್ಡಪ್ಪ ವಿಂಡೋಸ್‌ನಲ್ಲಿ ಹಾಡಿನ ಪೂರ್ತಿ ಪಲ್ಲವಿಯನ್ನೇ ಫೈಲಿನ ಹೆಸರಾಗಿ ಇಟ್ಟಿದ್ದಾರೆ. ವಿಂಡೋಸ್‌ನ ಫೈಲ್ ಸಿಸ್ಟಂ ಎನ್‌ಟಿಎಫ್‌ಎಸ್‌ನಲ್ಲಿ ಹೆಸರಿಗೆ 255 ಚಿಹ್ನೆ ನಡೆಯುತ್ತದೆ. ಎಕ್ಸ್‌ಟಿ4ರಲ್ಲಿ 255 ಬೈಟ್, ಅಂದರೆ ಕನ್ನಡಕ್ಕೆ 85 ಚಿಹ್ನೆ. ನಕಲು ಮಾಡುವ ಸಿಪಿ ‘ಫೈಲ್ ನೇಮ್ ಟೂ ಲಾಂಗ್’ ಅಂತ ಅವನ್ನು ಬಿಟ್ಟು ಮುಂದೆ ಹೋಗಿದೆ. ಪಲ್ಲವಿಯ ಮೊದಲ ನಾಲ್ಕು ಪದ ಹೆಸರಿಗೆ, ಪೂರ್ತಿ ಸಾಲು ಫೈಲಿನ ಒಳಗೆ ಮೊದಲ ಸಾಲಾಗಿ. ಹೆಡ್ ಮೈನಸ್ ಎನ್1 ಕೊಟ್ಟರೆ ಪಲ್ಲವಿ ಓದಬಹುದು. ಸ್ಕ್ರಿಪ್ಟ್ ಅರ್ಧ ಬರೆದಿದ್ದೇನೆ, ಒಂದೇ ಪಲ್ಲವಿಯ ಎರಡು ಹಾಡು ಬಂದರೆ ಏನು ಮಾಡಬೇಕು ಅನ್ನುವ ಕಡೆ ನಿಂತಿದೆ.