ಊರು ಬಿಟ್ಟು ಅಲ್ಲಿ ಕ್ರಿಸ್‌ಮಸ್ ಹೇಗೆ ಮಾಡ್ತೀರಾ?

ಡಿಸೆಂಬರ್ ಬಂತೆಂದರೆ ಫೋನಿನಲ್ಲಿ ಎಲ್ಲರದ್ದೂ ಒಂದೇ ಪ್ರಶ್ನೆ. "ಈ ಸಲವೂ ಬರಲ್ವಾ? ಅಲ್ಲಿ ನೀವಷ್ಟೇ ಹೇಗೆ ಹಬ್ಬ ಮಾಡ್ತೀರಾ? ಬೇಜಾರಾಗಲ್ವಾ?" ಮಿಷನರಿಗಳಾಗಿ ಹೊರದೇಶದಲ್ಲಿರುವ ಎಲ್ಲರೂ ಇದನ್ನು ಕೇಳಿಸಿಕೊಂಡಿರುತ್ತಾರೆ. ಫೋನಿನಲ್ಲಾದರೆ "ಚೆನ್ನಾಗೇ ಆಗುತ್ತೆ" ಅಂತ ಮುಗಿಸಿಬಿಡುತ್ತೇನೆ. ಇಲ್ಲಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಬೇಜಾರಾಗುತ್ತದೆ. ಮೊದಲ ವರ್ಷವಂತೂ ತುಂಬಾ ಆಯಿತು. ನಾವಿರುವ ಕಡೆ ಡಿಸೆಂಬರ್ 25ಕ್ಕೆ ರಜೆ ಇಲ್ಲ. ಮಗಳು ಶಾಲೆಯ ಬ್ಯಾಗು ಹಾಕಿಕೊಂಡು ಬಾಗಿಲಲ್ಲಿ ನಿಂತು, "ಅಮ್ಮ, ಇವತ್ತು ನಿಜವಾಗ್ಲೂ ಕ್ರಿಸ್‌ಮಸ್ಸಾ?" ಎಂದು ಕೇಳಿದಳು. ಹೌದು ಎಂದೆ. ಅವಳು ಹೋದ ಮೇಲೆ ಅಡುಗೆಮನೆಯಲ್ಲಿ ಕೂತು ಅತ್ತುಬಿಟ್ಟೆ.

ಊರಿನ ಹಬ್ಬವನ್ನೇ ಹಾಗೇ ಇಲ್ಲಿಗೆ ತರಬೇಕೆಂದು ನಾನು ಹಟ ಹಿಡಿದಿದ್ದೆ. ಅದು ಆಗುವ ಮಾತಲ್ಲ. ಹೋದ ಕಡೆ ದಿನವೇ ಬೇರೆ ಇರಬಹುದು. ಇಥಿಯೋಪಿಯಾದ ಆರ್ಥೊಡಾಕ್ಸ್ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಕ್ರಿಸ್‌ಮಸ್ ಬರುವುದು ಸಾಮಾನ್ಯವಾಗಿ ಜನವರಿ 7ಕ್ಕೆ. ರಷ್ಯಾದಲ್ಲೂ ಅಷ್ಟೇ, ಅಲ್ಲಿನ ಸಭೆಯ ಹಳೆಯ ಜೂಲಿಯನ್ ಕ್ಯಾಲೆಂಡರ್ ಈಗ ನಮ್ಮ ಕ್ಯಾಲೆಂಡರಿಗಿಂತ 13 ದಿನ ಹಿಂದಿದೆ. ಆಸ್ಟ್ರೇಲಿಯಾಕ್ಕೆ ಹೋದವರಿಗೆ ಡಿಸೆಂಬರ್ ಅಂದರೆ ಕಡು ಬೇಸಿಗೆ.

ನನಗೆ ಹಬ್ಬ ಮತ್ತೆ ಸಿಕ್ಕಿದ್ದು ಎರಡನೇ ವರ್ಷ. ಆರಾಧನೆಯಲ್ಲಿ, ಯೇಸು ಹುಟ್ಟಿ ಗೋದಲಿಯಲ್ಲಿ ಮಲಗಿದ ಕಥೆ ಇರುವ ಲೂಕನ ಸುವಾರ್ತೆಯ ಎರಡನೇ ಅಧ್ಯಾಯವನ್ನು ಇಲ್ಲಿನ ಭಾಷೆಯಲ್ಲಿ ಓದಬೇಕೆಂದು ಸಭೆಯ ಹಿರಿಯರು ನನಗೆ ಹೇಳಿದರು. ಎರಡು ವಾರ ಅಭ್ಯಾಸ ಮಾಡಿದರೂ 'ಗೋದಲಿ' ಅನ್ನುವ ಪದ ಮಾತ್ರ ನಾಲಿಗೆಗೆ ಹತ್ತಲಿಲ್ಲ. ಸಭೆಯ ಒಬ್ಬ ಅಜ್ಜಿ ದಿನಾ ಸಂಜೆ ಬಂದು ಪಕ್ಕದಲ್ಲಿ ಕೂರುತ್ತಿದ್ದರು. ನಾನು ಹೇಳುವುದು, ಅವರು ತಿದ್ದುವುದು. ಒಂದು ದಿನ ಅವರು ಎರಡೂ ಕೈಯನ್ನು ಬೊಗಸೆಯಂತೆ ಹಿಡಿದು ಗೋದಲಿ ಎಷ್ಟು ಆಳ ಇರುತ್ತದೆಂದು ತೋರಿಸಿದರು. ಆಮೇಲೆ ಬೆರಳಿನಿಂದ ಅದರ ಅಂಚು ಸವರುವಂತೆ ಮಾಡಿ, ದನ ನೆಕ್ಕಿ ನೆಕ್ಕಿ ಅಲ್ಲಿ ಮರ ನುಣುಪಾಗಿರುತ್ತದೆ ಎಂದರು. ಜೀವನವೆಲ್ಲ ದನ ಸಾಕಿದ ಕೈ ಅದು. ಚಿಕ್ಕಂದಿನಿಂದ ಆ ವಚನ ಬಾಯಿಪಾಠ ಇದ್ದರೂ ಆ ಮರದ ಅಂಚು ನನಗೆ ಕಂಡಿದ್ದು ಅವತ್ತೇ. ಕಲಿಸಲು ಬಂದವಳು ನಾನು, ಅಲ್ವಾ? ಆ ಕ್ರಿಸ್‌ಮಸ್ಸನ್ನು ನನಗೆ ಕೊಟ್ಟವರು ಅವರು.

"ಹಬ್ಬಕ್ಕೆ ಏನು ಕಳಿಸಲಿ?" ಎಂದೂ ಕೇಳುತ್ತೀರಿ. ಆಗೆಲ್ಲ ನನಗೆ ಲಾಟಿ ಮೂನ್ ನೆನಪಾಗುತ್ತಾರೆ. ಅಮೆರಿಕದ ಈ ಮಿಷನರಿ 1873ರಲ್ಲಿ ಚೀನಾಕ್ಕೆ ಹೋದರು. ಒಬ್ಬರೇ ದುಡಿದು ಸಾಕಾಗಿ 1887ರಲ್ಲಿ ಊರಿನ ಸಭೆಗಳಿಗೆ ಪತ್ರ ಬರೆದರು. ತಮಗೆ ಉಡುಗೊರೆ ಬೇಕೆಂದು ಅವರು ಕೇಳಲಿಲ್ಲ. ಕ್ರಿಸ್‌ಮಸ್ ಹೊತ್ತಿಗೆ ಮಿಷನ್ ಕೆಲಸಕ್ಕೆಂದೇ ಕಾಣಿಕೆ ಎತ್ತಿ, ಇನ್ನಷ್ಟು ಜನರನ್ನು ಕಳಿಸಿ ಎಂದು ಕೇಳಿದರು. ಮರುವರ್ಷ ಹೆಂಗಸರು ಸೇರಿ 3,300 ಡಾಲರಿಗೂ ಜಾಸ್ತಿ ಕೂಡಿಸಿದರು. ಮೂವರು ಹೊಸ ಮಿಷನರಿಗಳು ಹೊರಡಲು ಅದು ಸಾಕಾಯಿತು. ಕೊನೆಗೆ ಕಾಯಿಲೆಯಾಗಿ ಊರಿಗೆ ವಾಪಸ್ಸು ಹೊರಟಿದ್ದ ಲಾಟಿ ಮೂನ್, ಜಪಾನಿನ ಕೋಬೆ ಬಂದರಿನಲ್ಲಿ ಹಡಗಿನಲ್ಲೇ ತೀರಿಕೊಂಡರು. ಅವತ್ತು 1912ರ ಡಿಸೆಂಬರ್ 24. ಅವರ ಹೆಸರಿನ ಕ್ರಿಸ್‌ಮಸ್ ಕಾಣಿಕೆ ಇವತ್ತಿಗೂ ನಡೆಯುತ್ತಿದೆ. ಅವರ ಒಂಟಿತನ ನೆನೆದರೆ ನನ್ನದನ್ನು ದೊಡ್ಡದು ಮಾಡಲು ಮನಸ್ಸಾಗುವುದಿಲ್ಲ.

ಆದರೂ ಕೇಳಿದ್ದೀರಿ ಅಂತ ಹೇಳುತ್ತೇನೆ. ಪಾರ್ಸೆಲ್ ಬೇಡ, ಅದು ಎಷ್ಟೋ ಸಲ ಹಬ್ಬ ಕಳೆದ ಮೇಲೆ ಬರುತ್ತದೆ. ನಿಮ್ಮ ದನಿ ಕಳಿಸಿ. ಹೋದ ವರ್ಷ ಅಮ್ಮ ಸಭೆಯಲ್ಲಿ ಎಲ್ಲರೂ ಹಾಡುವುದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸಿದ್ದರು. ಮಧ್ಯದಲ್ಲಿ ಯಾರೋ ಕೆಮ್ಮುತ್ತಾರೆ, ಒಂದು ಮಗು ಅಳುತ್ತದೆ. ಮಕ್ಕಳು ಅದನ್ನೇ ಮತ್ತೆ ಮತ್ತೆ ಹಾಕಿಸಿಕೊಂಡರು. ಇನ್ನೊಂದು ಮಾತು. 25ನೇ ತಾರೀಖು ನಮಗೆ ಆರಾಧನೆ, ಬಂದು ಹೋಗುವವರು ಎಂದು ಪುರುಸೊತ್ತೇ ಇರುವುದಿಲ್ಲ. ಮನೆ ಖಾಲಿ ಅನಿಸುವುದು 26ಕ್ಕೆ. ಅವತ್ತು ಫೋನ್ ಮಾಡಿ.

ಈ ಸಲ ಲೂಕನ ಸುವಾರ್ತೆ ಓದುವುದು ಮಗಳು. 'ಗೋದಲಿ' ಅವಳಿಗೆ ಸಲೀಸಾಗಿ ಬರುತ್ತದೆ. ಆದರೂ ಅಜ್ಜಿ ದಿನಾ ಸಂಜೆ ಬಂದು ಅವಳ ಪಕ್ಕ ಕೂರುತ್ತಿದ್ದಾರೆ.