ಹಳೆಯ ದುಬಾರಿ ಬೈನಾಕ್ಯುಲರ್, ಹೊಸ ದುಬಾರಿ ಬೈನಾಕ್ಯುಲರ್: ವ್ಯತ್ಯಾಸ ಎಲ್ಲಿದೆ?

ತೊಂಬತ್ತರ ದಶಕದ ಝೈಸ್ ಡಯಾಲಿಟ್ 7×42 ಒಂದು ಕೈಯಲ್ಲಿ, 2020ರಲ್ಲಿ ಬಂದ ಸ್ವರೋವ್‌ಸ್ಕಿ ಎನ್‌ಎಲ್ ಪ್ಯೂರ್ 8×42 ಇನ್ನೊಂದು ಕೈಯಲ್ಲಿ. (7, 8 ಎಂದರೆ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂಬುದು; 42 ಎಂದರೆ ಮುಂದಿನ ದೊಡ್ಡ ಮಸೂರದ ವ್ಯಾಸ, ಮಿ.ಮೀ.ನಲ್ಲಿ.) ಹಕ್ಕಿಯನ್ನು ನೋಟದ ನಟ್ಟನಡುವೆ ಇಟ್ಟುಕೊಂಡು ನೋಡಿದರೆ ಗರಿಯ ಅಂಚು ಎರಡರಲ್ಲೂ ಹೆಚ್ಚುಕಡಿಮೆ ಅಷ್ಟೇ ಚೂಪಾಗಿ ಕಾಣುತ್ತದೆ. ಕೈಯಲ್ಲಿ ಹಿಡಿದು ನೋಡುವಾಗ ಕಣ್ಣಿಗೆ ದಕ್ಕುವಷ್ಟು ವಿವರವನ್ನು ಆಗಿನ ಒಳ್ಳೆಯ ಮಸೂರಗಳೇ ಕೊಡುತ್ತಿದ್ದವು. ಆಮೇಲಿನ ಸುಧಾರಣೆಗಳೆಲ್ಲ ನಡುಭಾಗದ ಆಚೆಗಿನವು: ನೋಟದ ಅಗಲ, ಅಂಚಿನ ಸ್ಪಷ್ಟತೆ, ವಸ್ತುವಿನ ಸುತ್ತ ಕಾಣುವ ಬಣ್ಣದ ಗೆರೆ, ಹತ್ತಿರದ ಫೋಕಸ್, ನೀರು ತಡೆಯುವ ಮೈ. ಹಾಗಾಗಿ ಯಾವುದು ಮೇಲು ಎಂದು ಕೇಳುವುದಕ್ಕಿಂತ, ಇವುಗಳಲ್ಲಿ ನಿಮಗೆ ನಿಜವಾಗಿ ಬೇಕಾದ್ದು ಯಾವುದು ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಹಳೆಯದು ಎಂದರೆ ಎಷ್ಟು ಹಳೆಯದು? ಇದಕ್ಕೆ ಒಂದು ಗಡಿ ಇದೆ, 1988. ತಲೆಕೆಳಗಾದ ಬಿಂಬವನ್ನು ನೆಟ್ಟಗೆ ಮಾಡಲು ಬೈನಾಕ್ಯುಲರ್ ಒಳಗೆ ಪ್ರಿಸಂ ಎಂಬ ಗಾಜಿನ ತುಂಡು ಇರುತ್ತದೆ. ನೇರ ಕೊಳವೆಯವುಗಳಲ್ಲಿರುವ ರೂಫ್ ಪ್ರಿಸಂ ಬೆಳಕನ್ನು ಎರಡು ಪಾಲು ಮಾಡಿ ಮತ್ತೆ ಕೂಡಿಸುತ್ತದೆ. ಕೂಡುವಾಗ ಅಲೆಗಳ ಹೆಜ್ಜೆ ತಪ್ಪಿರುವುದರಿಂದ ಸಣ್ಣ ವಿವರಗಳ ಕಾಂಟ್ರಾಸ್ಟ್ ಕುಸಿಯುತ್ತದೆ. ಇದನ್ನು ಸರಿಪಡಿಸುವ ಫೇಸ್ ಕೋಟಿಂಗನ್ನು ಝೈಸ್ ತಂದದ್ದು ಆ ವರ್ಷ. ಅದಿರುವ ಡಯಾಲಿಟ್‌ಗಳ ಮೇಲೆ 'ಟಿ' ಅಕ್ಷರದ ಜೊತೆಗೆ 'ಪಿ' ಕೂಡ ಇರುತ್ತದೆ. ಅದಿಲ್ಲದ ರೂಫ್ ಪ್ರಿಸಂ ಬೈನಾಕ್ಯುಲರ್ ಎಷ್ಟೇ ದೊಡ್ಡ ಹೆಸರಿನದಾಗಿರಲಿ, ಇಂದಿನ ಮಧ್ಯಮ ದರ್ಜೆಯದರ ಮುಂದೆ ಮಂಕು. ಸಂಗ್ರಹಕ್ಕಾದರೆ ಸರಿ, ಹಕ್ಕಿ ನೋಡಲು ಬೇಡ. ಕೊಳವೆ ನಡುವೆ ಪಕ್ಕಕ್ಕೆ ಸರಿದಂತೆ ಕಾಣುವ ಬೈನಾಕ್ಯುಲರ್‌ಗಳ ಪೋರೋ ಪ್ರಿಸಂಗೆ ಈ ತೊಂದರೆಯೇ ಇಲ್ಲ. ನಿಕಾನ್ ಎಸ್‌ಇ 8×32 ಇವತ್ತಿಗೂ ತಲೆಯೆತ್ತಿ ನಿಲ್ಲುವುದಕ್ಕೆ ಅದೂ ಒಂದು ಕಾರಣ.

ಬೆಳಕಿನ ವಿಷಯದಲ್ಲಿ ಜಾಹೀರಾತಿನ ಶೇಕಡಾವಾರು ಅಂಕಿಗಳಿಗೆ ಮರುಳಾಗಬೇಡಿ. ರೂಫ್ ಪ್ರಿಸಂಗಳಲ್ಲಿ ಸಾಮಾನ್ಯ ಬಗೆಯಾದ ಷ್ಮಿಟ್-ಪೆಹಾನ್‌ನಲ್ಲಿ ಒಂದು ಮುಖಕ್ಕೆ ಕನ್ನಡಿ ಲೇಪನ ಬೇಕೇ ಬೇಕು. ಅಲ್ಯೂಮಿನಿಯಂ ಆದರೆ ಸುಮಾರು 90 ಪ್ರತಿಶತ ಬೆಳಕು ಮರಳುತ್ತದೆ, ಬೆಳ್ಳಿಯಾದರೆ 95ಕ್ಕೂ ಹೆಚ್ಚು, ಈಗಿನ ಡೈಎಲೆಕ್ಟ್ರಿಕ್ ಲೇಪನದಲ್ಲಿ 99ಕ್ಕೂ ಮೇಲೆ. ಡಯಾಲಿಟ್‌ನ ಅಬ್ಬೆ-ಕೋನಿಗ್ ಎಂಬ ಇನ್ನೊಂದು ಬಗೆಯ ರೂಫ್ ಪ್ರಿಸಂಗೆ ಕನ್ನಡಿಯೇ ಬೇಡ. ಕೊಳವೆ ಉದ್ದವಾದರೂ ಬೆಳಕು ಸೋರುವುದಿಲ್ಲ. ಇಷ್ಟಾಗಿ ಮೂರು-ನಾಲ್ಕು ಪ್ರತಿಶತದ ಅಂತರ ಕಣ್ಣಿಗೆ ತಿಳಿಯುವುದೂ ಕಷ್ಟ. ಬಣ್ಣದ ಛಾಯೆ ಮಾತ್ರ ಬೇಗ ತಿಳಿಯುತ್ತದೆ: ಬೈನಾಕ್ಯುಲರನ್ನು ತಲೆಕೆಳಗು ಮಾಡಿ, ಬಿಳಿ ಹಾಳೆಯ ಮೇಲೆ ಹಿಡಿದು, ದೊಡ್ಡ ಮಸೂರದ ಕಡೆಯಿಂದ ನೋಡಿ. ಹಾಳೆ ಹಳದಿಗೋ ಹಸಿರಿಗೋ ತಿರುಗಿದ್ದರೆ ಪಕ್ಕದ ಬರಿ ಹಾಳೆಯೊಂದಿಗೆ ಹೋಲಿಸಿದಾಗ ಗೊತ್ತಾಗುತ್ತದೆ.

ಮುಸ್ಸಂಜೆಯಲ್ಲಿ ಲೇಪನಕ್ಕಿಂತ ಹೆಚ್ಚು ಕೆಲಸ ಮಾಡುವುದು ಎಕ್ಸಿಟ್ ಪ್ಯೂಪಿಲ್, ಅಂದರೆ ಕಣ್ಣಿನ ಕಡೆಗೆ ಹೊರಬರುವ ಬೆಳಕಿನ ವೃತ್ತದ ವ್ಯಾಸ. 42ನ್ನು 7ರಿಂದ ಭಾಗಿಸಿದರೆ 6 ಮಿ.ಮೀ., 10ರಿಂದ ಭಾಗಿಸಿದರೆ 4.2. ಹಗಲಲ್ಲಿ ನಮ್ಮ ಪಾಪೆಯೇ ಎರಡು-ಮೂರು ಮಿ.ಮೀ. ಇರುತ್ತದೆ, ಉಳಿದದ್ದು ಪೋಲು. ಆದರೂ 6 ಮಿ.ಮೀ. ಇದ್ದರೆ ಕಣ್ಣು ಅತ್ತಿತ್ತ ಸರಿದರೂ ನೋಟ ಕಪ್ಪಾಗುವುದಿಲ್ಲ. ಹಳೆಯ 7×42ಗಳನ್ನು ಜನ ಬಿಟ್ಟುಕೊಡದಿರುವುದು ಈ ನಿರಾಳಕ್ಕೆ. ಈಗ ಆ ಅಳತೆಯವನ್ನು ತಯಾರಿಸುವವರೂ ಕಡಿಮೆ.

ಹೊಸದರ ನಿಜವಾದ ಗೆಲುವು ಅಗಲದಲ್ಲಿ. 1000 ಮೀಟರ್ ದೂರದಲ್ಲಿ ಡಯಾಲಿಟ್ 150 ಮೀಟರ್ ತೋರಿಸುತ್ತದೆ, ಆದರೆ 7 ಪಟ್ಟಿನಲ್ಲಿ. ಎನ್‌ಎಲ್ 8 ಪಟ್ಟಿನಲ್ಲೇ 159 ತೋರಿಸುತ್ತದೆ. 2004ರ ಝೈಸ್ ವಿಕ್ಟರಿ ಎಫ್‌ಎಲ್ 8×42ರದ್ದು 135. ಅಂದರೆ 30 ಮೀಟರ್ ದೂರದ ಮರದಲ್ಲಿ ಎಫ್‌ಎಲ್‌ನ 4 ಮೀಟರ್ ಬದಲು ಎನ್‌ಎಲ್‌ನಲ್ಲಿ 4.8 ಮೀಟರ್, ವಿಸ್ತೀರ್ಣ ಲೆಕ್ಕ ಹಾಕಿದರೆ ಸುಮಾರು 39 ಪ್ರತಿಶತ ಹೆಚ್ಚು. ಎಲೆಗಳ ನಡುವೆ ಜಿಗಿಯುವ ಉಲಿಯಕ್ಕಿಯನ್ನು ಹಿಂಬಾಲಿಸುವವರಿಗೆ ಇದು ದುಡ್ಡಿಗೆ ತಕ್ಕ ಲಾಭ. ಕೊಕ್ಕರೆ, ಬಾತುಗಳನ್ನು ನಿಧಾನವಾಗಿ ನೋಡುವವರಿಗೆ ಅಷ್ಟಾಗಿ ಅಲ್ಲ.

ಅಂಚಿನವರೆಗೂ ಸ್ಪಷ್ಟವಾಗಿರುವ ಫ್ಲಾಟ್ ಫೀಲ್ಡ್, 2010ರ ಸ್ವರೋವ್‌ಸ್ಕಿ ಇಎಲ್ ಸ್ವರೋವಿಷನ್‌ನಿಂದ ಜನಪ್ರಿಯವಾಯಿತು. ಅದಕ್ಕೊಂದು ಬೆಲೆ ಇದೆ. ಅಂಥವುಗಳಲ್ಲಿ ಹೆಚ್ಚಾಗಿ ಅಂಚಿನ ಗೆರೆಗಳೂ ನೇರವಾಗಿರುತ್ತವೆ; ಹಾಗಾಗಿ ಅಡ್ಡಡ್ಡ ತಿರುಗಿಸುತ್ತ ನೋಡಿದಾಗ ದೃಶ್ಯ ಗೋಳದ ಮೇಲೆ ಉರುಳಿದಂತೆ ಕಾಣಬಹುದು, ಕೆಲವರಿಗೆ ತಲೆಸುತ್ತುತ್ತದೆ. ಹಳೆಯವುಗಳಲ್ಲಿ ಅಂಚಿನ ಗೆರೆಗಳನ್ನು ಬೇಕೆಂದೇ ಕೊಂಚ ಬಾಗಿಸಿರುತ್ತಿದ್ದುದು ಇದನ್ನು ತಪ್ಪಿಸಲಿಕ್ಕೆ. ಕೊಳ್ಳುವ ಮುನ್ನ ಕಂಬಗಳ ಸಾಲಿನುದ್ದಕ್ಕೂ ಎರಡು ನಿಮಿಷ ತಿರುಗಿಸಿ ನೋಡಿ. ಬಣ್ಣದ ಗೆರೆಗೆ ಪರೀಕ್ಷೆ ಬೆಳ್ಳಗಿನ ಆಕಾಶದ ಎದುರು ಕೂತ ಕಾಗೆ. ಬಣ್ಣ ಚದುರುವುದನ್ನು ತಗ್ಗಿಸುವ ಫ್ಲೋರೈಡ್ ಗಾಜಿಲ್ಲದ ಹಳೆಯದರಲ್ಲಿ ಅದರ ಸುತ್ತ ನೇರಳೆ, ಹಸಿರು ಕಾಣುತ್ತದೆ. ಕೆಲವರ ಕಣ್ಣು ಅದನ್ನು ಗಮನಿಸುವುದೇ ಇಲ್ಲ. ಚಿಟ್ಟೆಯನ್ನೂ ನೋಡುವವರಾದರೆ ಡಯಾಲಿಟ್‌ನ ಮೂರೂವರೆ ಮೀಟರ್‌ನ ಹತ್ತಿರದ ಫೋಕಸ್ ಸಾಲದು. ಹೊಸವು ಎರಡು ಮೀಟರ್‌ಗೆ ಅಥವಾ ಇನ್ನೂ ಹತ್ತಿರಕ್ಕೆ ಬರುತ್ತವೆ.

ಹಳೆಯದನ್ನೇ ಕೊಳ್ಳುವುದಾದರೆ ಮೊದಲು ಟಾರ್ಚ್. ಐಪೀಸ್ (ಕಣ್ಣಿಡುವ ಮಸೂರ) ಕಡೆಯಿಂದ ಬೆಳಕು ಬಿಟ್ಟು, ದೊಡ್ಡ ಮಸೂರದೊಳಗೆ ಓರೆಯಾಗಿ ನೋಡಿ. ನಾಲ್ಕು ಧೂಳಿನ ಕಣ ಕಂಡರೆ ಗಾಬರಿ ಬೇಡ. ಜೇಡನ ಎಳೆಯಂಥದ್ದು ಬೂಷ್ಟು. ಅದು ಲೇಪನವನ್ನು ತಿಂದಿದ್ದರೆ ಒರೆಸಿದ ಮೇಲೂ ಕಲೆ ಉಳಿಯುತ್ತದೆ. ಹಾಲಿನಂಥ ಮಬ್ಬು ಹೆಚ್ಚಾಗಿ ಒಳಗಿನ ಗ್ರೀಸ್ ಆವಿಯಾಗಿ ಪ್ರಿಸಂ ಮೇಲೆ ಕೂತದ್ದು, ಇದನ್ನು ಬಿಚ್ಚಿ ತೊಳೆಯಬಹುದು. ಫೋಕಸ್ ಚಕ್ರವನ್ನು ಹಿಂದೆಮುಂದೆ ತಿರುಗಿಸಿ, ನಡುವೆ ಏನೂ ಅಲುಗದ ಸಡಿಲ ಇದೆಯೇ ನೋಡಿ. ದೂರದ ವಸ್ತುವಿಗೆ ಡಯಾಪ್ಟರ್ (ಎರಡು ಕಣ್ಣುಗಳ ನೋಟದ ವ್ಯತ್ಯಾಸ ಸರಿದೂಗಿಸುವ ಉಂಗುರ) ಹೊಂದಿಸಿ, ಹತ್ತಿರದ ವಸ್ತುವಿಗೆ ಬನ್ನಿ; ಡಯಾಪ್ಟರನ್ನು ಮತ್ತೆ ತಿರುಗಿಸಬೇಕಾದರೆ ಒಳಗಿನ ಜೋಡಣೆ ಸವೆದಿದೆ. ಪೋರೋಗಳಲ್ಲಿ ಐಪೀಸ್ ಸೇತುವೆಯೇ ಹೊರಗೆ ಒಳಗೆ ಚಲಿಸುವ ಮಾದರಿಗಳು ಪ್ರತಿ ಫೋಕಸ್‌ಗೂ ಗಾಳಿ ಎಳೆದುಕೊಳ್ಳುತ್ತವೆ, ಮಳೆಗೆ ಅವು ಆಗಿಬರುವುದಿಲ್ಲ. ಒಳಗೆ ಮಂಜು ಕಟ್ಟದಂತೆ ನೈಟ್ರೋಜನ್ ತುಂಬಿದವುಗಳಲ್ಲೂ ಅದನ್ನು ಹಿಡಿದಿಡುವ ರಬ್ಬರ್ ಉಂಗುರ ಕಾಲಕ್ರಮದಲ್ಲಿ ಗಡುಸಾಗುತ್ತದೆ.

ಕೊನೆಗೆ ಎರಡು ಕೊಳವೆಗಳ ಹೊಂದಾಣಿಕೆ. ದೂರದ ಛಾವಣಿಯ ಅಡ್ಡಗೆರೆಯತ್ತ ಹಿಡಿದು, ಬೈನಾಕ್ಯುಲರನ್ನು ಕಣ್ಣಿನಿಂದ 10–15 ಸೆಂ.ಮೀ. ದೂರ ಸರಿಸಿ. ಎರಡೂ ವೃತ್ತಗಳಲ್ಲಿ ಗೆರೆ ಒಂದೇ ಎತ್ತರದಲ್ಲಿರಬೇಕು. ಸಣ್ಣ ತಪ್ಪನ್ನು ಮಿದುಳು ಮುಚ್ಚಿಹಾಕುತ್ತದೆ, ಅರ್ಧ ಗಂಟೆಗೆ ತಲೆನೋವು ಬರುತ್ತದೆ. ಕೀಲನ್ನು ಪೂರ್ತಿ ಅಗಲಿಸಿ ಒಮ್ಮೆ, ಮಡಚಿ ಇನ್ನೊಮ್ಮೆ ಇದೇ ಪರೀಕ್ಷೆ ಮಾಡಿ: ಅರೆಬರೆ ರಿಪೇರಿಯಾದವು, ರಿಪೇರಿ ಮಾಡಿದವನ ಕಣ್ಣಿನ ಅಂತರಕ್ಕೆ ಮಾತ್ರ ಸರಿಯಾಗಿರುತ್ತವೆ.